ಶಿರಸಿಯ ಓಣಿ ಮೆಟ್ಟಿಲಲ್ಲಿ ಅಮ್ಮ ಜಾರುತ್ತಾರೆ, ಏನು ಮಾಡಲಿ? – ಪ್ರತಿಕ್ರಿಯೆ

ಅಮ್ಮ ಜಾರುವುದಕ್ಕೆ ಕಾರಣ ಚಪ್ಪಲಿ ಇರಲಿಕ್ಕಿಲ್ಲ, ಮೆಟ್ಟಿಲ ಮೇಲಿನ ಪಾಚಿ. ಮೆಟ್ಟಿಲಿನ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ತೂತು ತೂತು, ನೀರು ಹಿಡಿದಿಡುತ್ತದೆ. ಶಿರಸಿ ಮಳೆಯಲ್ಲಂತೂ ಕೇಳಲೇಬೇಡಿ. ಮೊದಲು ಬ್ಲೀಚಿಂಗ್ ಪುಡಿ ಕಲಸಿದ ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಗಟ್ಟಿ ಬ್ರಶ್‌ನಲ್ಲಿ ತಿಕ್ಕಿ ತೊಳೆಯಿರಿ. ಅದಕ್ಕೆ ಆಸಿಡ್ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಪಾಚಿ ಮತ್ತೆ ಬಂದೇ ಬರುತ್ತದೆ, ಹಾಗಾಗಿ ರೇಲಿಂಗ್ ಬೇಕು. ಸೊಂಟದೆತ್ತರಕ್ಕೆ, ಮುಷ್ಟಿಗೆ ಸಿಗುವ ಸುಮಾರು 40 ಮಿ.ಮೀ. ಪೈಪು. ಕೊನೆಯ ಮೆಟ್ಟಿಲು ದಾಟಿ ಒಂದಡಿ ಮುಂದೆ ಹೋಗಲಿ. ಮುಗಿಯಿತು ಅಂತ ಕೈ ಬಿಡುವುದು ಅಲ್ಲೇ ಅಲ್ವಾ. ಕಂಬಕ್ಕೆ ಚಿರೆಕಲ್ಲಿನಲ್ಲಿ ಬೋಲ್ಟ್ ಹೊಡೆಸಬೇಡಿ, ಸಡಿಲವಾಗುತ್ತದೆ. ಪಕ್ಕದಲ್ಲಿ ಗುಂಡಿ ತೆಗೆದು ಕಾಂಕ್ರೀಟ್ ಹಾಕಿಸಿ.

ಓಣಿ ಯಾರದ್ದೆಂದು ನೀವು ಬರೆದಿಲ್ಲ. ನಗರಸಭೆಯದಾದರೆ ಅಕ್ಕಪಕ್ಕದವರ ಸಹಿ ಹಾಕಿಸಿ, ಫೋಟೋ ಸಮೇತ ಅರ್ಜಿ ಕೊಡಿ. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.