ಸಿ ಡ್ರೈವ್ ಬೆಳೆಸುವ ಮೊದಲು ಡಿ ಡ್ರೈವ್ ಖಾಲಿ ಮಾಡಿ

ನಮಸ್ಕಾರ ಸರ್. ನಿಮ್ಮ 100 ಜಿಬಿಯ ಸಿ ಡ್ರೈವ್ ತುಂಬಿದೆ. ಪಕ್ಕದ 365 ಜಿಬಿಯ ಡಿಯಲ್ಲಿ ತುಂಬಿರುವುದು 110 ಜಿಬಿ ಮಾತ್ರ. ಡಿಯನ್ನು 60 ಜಿಬಿ ಶ್ರಿಂಕ್ ಮಾಡಿದರೂ (ಕುಗ್ಗಿಸಿದರೂ) ಸಿ ಮೇಲೆ ಅದನ್ನು ಬೆಳೆಸುವ ‘ಎಕ್ಸ್‌ಟೆಂಡ್ ವಾಲ್ಯೂಮ್’ ಒತ್ತಲು ಆಗುತ್ತಿಲ್ಲ ಅಂದಿದ್ದೀರಿ. ತಪ್ಪು ನಿಮ್ಮದಲ್ಲ. ಶ್ರಿಂಕ್ ಮಾಡಿದಾಗ ಜಾಗ ಬಿಡುವಾಗುವುದು ಡಿಯ ಬಲತುದಿಯಲ್ಲಿ. ಸಿಗೆ ಬೇಕಿರುವುದು ತನ್ನ ಮಗ್ಗುಲಿಗೇ ಅಂಟಿದ ಜಾಗ. ನಡುವೆ ಡಿ ಕೂತಿದೆ.

ಡಿಸ್ಕಿನ ಭಾಗಗಳನ್ನು ಬದಲಿಸುವ ಜಿಪಾರ್ಟೆಡ್ ಎಂಬ ಉಚಿತ ಸಾಫ್ಟ್‌ವೇರ್ ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಯನ್ನು ಬಲಕ್ಕೆ ಸರಿಸಬಹುದು, ನಿಜ. ನೋಡಲು ಮೌಸ್ ಹಿಡಿದು ಎಳೆದರೆ ಮುಗೀತು ಅನ್ನಿಸುತ್ತದೆ. ಆದರೆ ಪಾರ್ಟಿಷನ್ (ಸಿ, ಡಿಯಂಥ ಡಿಸ್ಕಿನ ಭಾಗ) ಶುರುವಾಗುವ ಸೆಕ್ಟರ್, ಅಂದರೆ ಡಿಸ್ಕಿನ ಮೇಲಿನ ಜಾಗ, ಬದಲಾದರೆ ಒಳಗಿನದೆಲ್ಲ ಎದ್ದು ಹೊಸ ಜಾಗಕ್ಕೆ ಹೋಗಬೇಕು. ಖಾಲಿ ಬ್ಲಾಕ್‌ಗಳನ್ನೂ (ಡೇಟಾ ಇಡುವ ತುಣುಕುಗಳನ್ನೂ) ಜಿಪಾರ್ಟೆಡ್ ನಕಲು ಮಾಡುತ್ತದೆ. ಅಂದರೆ 110 ಅಲ್ಲ, 60 ಕುಗ್ಗಿಸಿ ಉಳಿದ 305 ಜಿಬಿ ಪೂರ್ತಿ. ಹಳೇ ಜಾಗ, ಹೊಸ ಜಾಗ ಒಂದರ ಮೇಲೊಂದು ಬರುವುದರಿಂದ ಕೊನೆಯ ಬ್ಲಾಕ್‌ನಿಂದ ಹಿಂದಕ್ಕೆ ಬರಬೇಕು. ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಎಲ್ಲರೂ ಬಲಕ್ಕೆ ಸರಿಯಬೇಕಾದರೆ ಬಲತುದಿಯವರೇ ಮೊದಲು ಸರಿಯಬೇಕು, ಅಲ್ವಾ? ಹಾಗೆ.

ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ನಾನು ಇದನ್ನೇ ಮಾಡುತ್ತಿದ್ದೆ. ಅರ್ಧ ದಾಟಿತ್ತು. ಚಾರ್ಜರ್ ಪಿನ್ ಸಡಿಲವಾಯಿತು, ಬ್ಯಾಟರಿ ಹಳೆಯದು, ಪರದೆ ಕಪ್ಪಾಯಿತು. ಅರ್ಧ ಡೇಟಾ ಹೊಸ ಜಾಗದಲ್ಲಿ, ಅರ್ಧ ಹಳೇದರಲ್ಲಿ. ಡಿ ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. ಹಿಂದಿನ ಸಂಜೆ ಮಕ್ಕಳ ಫೋಟೋಗಳನ್ನು ಬೇರೆ ಡಿಸ್ಕಿಗೆ ಹಾಕಿಟ್ಟಿದ್ದರಿಂದ ಅವು ಉಳಿದವು.

ಹಾಗಾಗಿ ನಿಮಗೆ ಸರಿಸುವ ಕೆಲಸವೇ ಬೇಡ. ಡಿಯಲ್ಲಿರುವ 110 ಜಿಬಿಯನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಅಲ್ಲಿಂದಲೇ ಹತ್ತಾರು ಫೈಲ್ ತೆರೆದು ನೋಡಿ. ಆಮೇಲೆ ಡಿಯನ್ನು ಡಿಲೀಟ್ ಮಾಡಿ, ಸಿಯನ್ನು 60 ಜಿಬಿ ಬೆಳೆಸಿ, ಉಳಿದದ್ದರಲ್ಲಿ ಹೊಸ ಡಿ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿರುವ ಡಿಸ್ಕ್ ಮ್ಯಾನೇಜ್‌ಮೆಂಟೇ ಸಾಕು, ಸುಮ್ನೆ ಬೇರೆ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಡಿ. ಡಿಯಲ್ಲಿ ಪ್ರೋಗ್ರಾಂ ಇನ್‌ಸ್ಟಾಲ್ ಆಗಿದ್ದರೆ ಮೊದಲು ತೆಗೆಯಿರಿ.

ಹೊರಗಿನ ಡಿಸ್ಕ್ ಸಿಗದಿದ್ದರೆ ಮಾತ್ರ ಜಿಪಾರ್ಟೆಡ್. ಆಗಲೂ ಬೇಕೇಬೇಕಾದ ಫೈಲ್‌ಗಳನ್ನು ಪೆನ್‌ಡ್ರೈವ್‌ಗಾದರೂ ಹಾಕಿಡಿ. ಶಿಫ್ಟ್ ಕೀ ಒತ್ತಿಕೊಂಡು ಶಟ್‌ಡೌನ್ ಮಾಡಿ, ಆಗಲೇ ವಿಂಡೋಸ್ ಪೂರ್ತಿ ಮುಚ್ಚುವುದು. ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ಮೊದಲು ತೆಗೆಸಿ. ಕರೆಂಟ್ ನಂಬಿಕೆಯಿಲ್ಲದ ದಿನ ಕೈ ಹಾಕಬೇಡಿ.

ಅದಕ್ಕೂ ಮುಂಚೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನ ಫೋಟೋ ಒಂದು ಇಲ್ಲಿ ಹಾಕಿ ಸರ್. ಸಿ ಮತ್ತು ಡಿ ನಡುವೆ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟಾಗ ಸರಿಪಡಿಸಲು ಇಟ್ಟ ಭಾಗ) ಇದ್ದರೆ ದಾರಿ ಬೇರೆ. ನೋಡಿ ಹೇಳುವವರೆಗೆ ಏನನ್ನೂ ಡಿಲೀಟ್ ಮಾಡಬೇಡಿ.