ಲೆನ್ಸ್ ಡಬ್ಬಿಗೆ ಆರ್‌ಒ ನೀರು ಹಾಕಬಹುದೇ?

ಪ್ರಶ್ನೆ: ಸಂಡೂರಿನಿಂದ ತೋರಣಗಲ್ಲಿಗೆ ದಿನಾ ಬೈಕಿನಲ್ಲಿ ಓಡಾಡುತ್ತೇನೆ. ವಾರಕ್ಕೆ ಮೂರು ದಿನವಷ್ಟೇ ಕಾಂಟ್ಯಾಕ್ಟ್ ಲೆನ್ಸ್ ಹಾಕುವುದರಿಂದ ಮಂತ್ಲಿ ಲೆನ್ಸ್ ಎರಡು ತಿಂಗಳು ಬರುತ್ತದೆ. ಲೆನ್ಸ್ ತೊಳೆದು ನೆನೆಸಿಡುವ ಸಲ್ಯೂಷನ್ ಮುಗಿದಾಗ ಡಬ್ಬಿಗೆ ಆರ್‌ಒ ನೀರು ಹಾಕಿಡುತ್ತೇನೆ. ಈಗೀಗ ಸಂಜೆಯಾದರೆ ಕಣ್ಣು ಉರಿದು ಕೆಂಪಾಗುತ್ತಿದೆ. ಅದಿರಿನ ಧೂಳು ಕಾರಣವೇ?

ಉತ್ತರ: ಧೂಳಿನ ಪಾಲೂ ಇದೆ. ಆದರೆ ನಮಗೆ ಹೆಚ್ಚು ಹೆದರಿಕೆ ಆ ನೀರಿನದು. ಇವತ್ತೇ ಲೆನ್ಸ್ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಲೆನ್ಸ್ ಮತ್ತು ಡಬ್ಬಿ ಎಸೆಯದೆ ಜೊತೆಗೆ ಒಯ್ಯಿರಿ, ಪರೀಕ್ಷೆಗೆ ಬೇಕಾಗಬಹುದು. ನೋವು, ಬೆಳಕು ನೋಡಲಾಗದಿರುವುದು, ಮಂಜು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಹೋಗಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ಹಾಕಿಕೊಳ್ಳಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿಯುತ್ತದೆ, ಒಳಗೆ ಸೋಂಕು ಬೆಳೆಯುತ್ತದೆ.

ಕುಡಿಯುವ ನೀರಿನಲ್ಲೂ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಹೊಟ್ಟೆಗೆ ಹೋದರೆ ಅದರಿಂದ ತೊಂದರೆಯಿಲ್ಲ. ಲೆನ್ಸಿಗೆ ಅಂಟಿ, ಕಾರ್ನಿಯಾದ (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ) ಸಣ್ಣ ಗೀರಿನೊಳಗೆ ಸೇರಿತೆಂದರೆ ತಿಂಗಳುಗಟ್ಟಲೆ ಔಷಧ, ಒಮ್ಮೊಮ್ಮೆ ಕಾರ್ನಿಯಾ ಕಸಿಯೇ ಬೇಕಾಗುತ್ತದೆ. ಆ ಗೀರು ಬೀಳಿಸುವ ಕೆಲಸ ನಿಮ್ಮ ದಾರಿಯ ಧೂಳಿನದು. ಬರೀ ಸಲೈನ್ (ಉಪ್ಪುನೀರು) ಕೂಡ ರೋಗಾಣು ಕೊಲ್ಲುವುದಿಲ್ಲ. ಸಲ್ಯೂಷನ್ ಇಲ್ಲದ ರಾತ್ರಿ ಲೆನ್ಸ್ ಎಸೆದುಬಿಡಿ, ನಷ್ಟ ಅಷ್ಟೇ.

ಮಂತ್ಲಿ ಎಂದರೆ ಪ್ಯಾಕ್ ಒಡೆದ ದಿನದಿಂದ 30 ದಿನ, ಹಾಕಿಕೊಂಡ ದಿನಗಳ ಲೆಕ್ಕವಲ್ಲ. ತೆಗೆದ ಕೂಡಲೇ ಅಂಗೈಯಲ್ಲಿಟ್ಟು ನಾಲ್ಕು ಹನಿ ಸಲ್ಯೂಷನ್ ಬಿಟ್ಟು, ಎರಡೂ ಬದಿ ಬೆರಳ ತುದಿಯಿಂದ ಸುಮಾರು 20 ಸೆಕೆಂಡು ಉಜ್ಜಿ, ಸಲ್ಯೂಷನ್‌ನಿಂದಲೇ ತೊಳೆದು, ಹೊಸ ಸಲ್ಯೂಷನ್‌ನಲ್ಲಿ ಬಾಟಲಿ ಮೇಲಿರುವಷ್ಟು ಹೊತ್ತು (ಹೆಚ್ಚಿನವಕ್ಕೆ 6 ಗಂಟೆ) ನೆನೆಸಿಡಿ. ಹಳೆಯದಕ್ಕೆ ಹೊಸದು ಬೆರೆಸಬೇಡಿ. ಬೆಳಿಗ್ಗೆ ಡಬ್ಬಿ ಖಾಲಿ ಮಾಡಿ, ಸಲ್ಯೂಷನ್‌ನಿಂದ ತೊಳೆದು, ಒರೆಸಿ ಬೋರಲು ಹಾಕಿ. ಮೂರು ತಿಂಗಳಿಗೊಂದು ಹೊಸ ಡಬ್ಬಿ. ಬಾಟಲಿಯನ್ನು ಬೈಕಿನ ಡಿಕ್ಕಿಯಲ್ಲಿ ಇಡಬೇಡಿ, ಬಳ್ಳಾರಿ ಬಿಸಿಲಿಗೆ ಅದರ ಸತ್ವ ಕೆಡುತ್ತದೆ.

ಹಾಕಿಕೊಳ್ಳುವ ಮುಂಚೆ ಲೆನ್ಸನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿ. ಅಂಚು ಬಟ್ಟಲಿನಂತೆ ನೆಟ್ಟಗಿದ್ದರೆ ಸರಿ, ತಟ್ಟೆಯಂತೆ ಹೊರಕ್ಕೆ ಬಾಗಿದ್ದರೆ ತಿರುವುಮುರುವು.

ನಿಮ್ಮ ದಾರಿಗೆ ನಮ್ಮ ಸಲಹೆ: ಪ್ರಯಾಣಕ್ಕೆ ಕನ್ನಡಕ ಮತ್ತು ವೈಸರ್ ಮುಚ್ಚಿದ ಹೆಲ್ಮೆಟ್, ತೋರಣಗಲ್ಲು ತಲುಪಿದ ಮೇಲೆ ಲೆನ್ಸ್. ವಾರಕ್ಕೆ ಮೂರೇ ದಿನವಾದರೆ ಒಂದು ದಿನ ಹಾಕಿ ಎಸೆಯುವ ಡೇಲಿ ಲೆನ್ಸೇ ವಾಸಿ. ಡಬ್ಬಿಯ ರಗಳೆಯೇ ಇರುವುದಿಲ್ಲ. ಕಣ್ಣಲ್ಲಿ ಕಬ್ಬಿಣದ ಕಣ ಚುಚ್ಚಿದಂತೆ ಅನಿಸಿದರೆ ಉಜ್ಜದೆ ವೈದ್ಯರಿಗೆ ತೋರಿಸಿ. ತಡವಾದರೆ ಅದರ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ.

ಪ್ರಶ್ನೆ: ಖಾರ ಕುಟ್ಟಿದ ದಿನ ಸೋಪಿನಲ್ಲಿ ಕೈ ತೊಳೆದರೂ ಲೆನ್ಸ್ ತೆಗೆಯುವಾಗ ಕಣ್ಣು ಉರಿಯುತ್ತದೆ. (ಗೃಹಿಣಿ, ಕೊಪ್ಪಳ)

ಉತ್ತರ: ಮೆಣಸಿನಕಾಯಿಯ ಖಾರ ನೀರಿಗೆ ಹೋಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಮೊದಲು ಉಗುರಿನ ಸಂದಿಗೂ ಅಡುಗೆ ಎಣ್ಣೆ ಉಜ್ಜಿ ಒರೆಸಿ, ಆಮೇಲೆ ಎರಡು ಸಲ ಸೋಪು ಹಾಕಿ ತೊಳೆಯಿರಿ. ಖಾರ ಹತ್ತಿದ ಲೆನ್ಸನ್ನು ಮತ್ತೆ ಬಳಸಬೇಡಿ. ಆ ದಿನ ಕನ್ನಡಕದಲ್ಲೇ ಇರಿ, ತಾಯಿ.