ಬೆಲ್ಟ್ ಗ್ರೈಂಡಿಂಗ್: ಉಬ್ಬಿನ ಮೇಲೆ ಪಟ್ಟೆ ಯಾಕೆ ಬೀಳುತ್ತದೆ?

ಪ್ರಶ್ನೆ: ರೊಬೊಟ್ ಟರ್ಬೈನ್ ಬ್ಲೇಡನ್ನು ಹಿಡಿದು ಓಡುತ್ತಿರುವ ಉಜ್ಜುಬೆಲ್ಟಿಗೆ ಒತ್ತುತ್ತದೆ. ಬಲ 30 ನ್ಯೂಟನ್, ಫೀಡ್ (ಬ್ಲೇಡ್ ಸರಿಯುವ ವೇಗ) ಸೆಕೆಂಡಿಗೆ 20 ಮಿ.ಮೀ., ಪಾಸ್‌ಗಳ (ಅಕ್ಕಪಕ್ಕದ ಓಟಗಳ) ನಡುವೆ 6 ಮಿ.ಮೀ. ಯಾವುದೂ ಬದಲಾಗುವುದಿಲ್ಲ. ಆದರೂ ಚಪ್ಪಟೆ ಭಾಗ ನುಣುಪಾಗುತ್ತದೆ, ಉಬ್ಬಿನ ಮೇಲೆ ಪಟ್ಟೆ ಬೀಳುತ್ತದೆ.

ಉತ್ತರ: ಬದಲಾಗದಿರುವುದೇ ತೊಂದರೆ. ಬೆಲ್ಟಿಗೆ ಹಿಂದಿನಿಂದ ಆಸರೆ ಕೊಡುವ ರಬ್ಬರ್ ಕಾಂಟ್ಯಾಕ್ಟ್ ವೀಲ್ ಚಪ್ಪಟೆ ಜಾಗದಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ, ಉಬ್ಬಿನ ಮೇಲೆ ಕಿರಿದಾಗಿ ಕೂರುತ್ತದೆ. ಸವೆತ ಒತ್ತಡಕ್ಕೂ ಬೆಲ್ಟಿನ ವೇಗಕ್ಕೂ ಅನುಪಾತದಲ್ಲಿರುತ್ತದೆ ಎನ್ನುತ್ತದೆ ಪ್ರೆಸ್ಟನ್ ಸೂತ್ರ (1927ರದು, ಹುಟ್ಟಿದ್ದು ಗಾಜು ಉಜ್ಜುವ ಕೆಲಸಕ್ಕೆ). ಹಾಗಾಗಿ ಬಲ, ಫೀಡ್ ಒಂದೇ ಇದ್ದರೆ ಪ್ರತಿ ಮಿಲಿಮೀಟರ್ ಓಟಕ್ಕೆ ಹೋಗುವ ಲೋಹವೂ ಹೆಚ್ಚುಕಮ್ಮಿ ಒಂದೇ. ಚಪ್ಪಟೆಯಲ್ಲಿ ಅದು ಅಗಲವಾಗಿ ತೆಳ್ಳಗೆ ಹೋಗುತ್ತದೆ. ಉಬ್ಬಿನಲ್ಲಿ ಕಿರಿದಾಗಿ ಆಳಕ್ಕೆ ಹೋಗುತ್ತದೆ, ಪಕ್ಕದಲ್ಲಿ ಏಣು ಉಳಿಯುತ್ತದೆ.

ಉಬ್ಬಿಗೆ ಮಾರ್ಕರ್ ಬಣ್ಣ ಬಳಿದು ಒಂದೇ ಪಾಸ್ ಓಡಿಸಿ, ಬಣ್ಣ ಹೋದ ಪಟ್ಟಿಯ ಅಗಲ ಅಳೆಯಿರಿ. ಅದರ ಅರ್ಧದಷ್ಟು ಅಂತರದಿಂದ ಶುರು ಮಾಡಿ. ಹಲವರು ಇಲ್ಲಿಗೇ ನಿಲ್ಲುತ್ತಾರೆ, ಆಗ ಪಟ್ಟೆ ಹೋಗಿ ಬ್ಲೇಡ್ ತೆಳುವಾಗುತ್ತದೆ! ಅಂತರ 6ರಿಂದ 3ಕ್ಕೆ ಇಳಿದರೆ ಅದೇ ಜಾಗದ ಮೇಲೆ ಎರಡು ಪಟ್ಟು ಪಾಸ್‌ಗಳು ಹೋಗುತ್ತವೆ. ಅಂತರ ಮತ್ತು ಫೀಡಿನ ಗುಣಲಬ್ಧ ಒಂದೇ ಇರಬೇಕು: 3 ಮಿ.ಮೀ.ಗೆ ಫೀಡ್ 40. ರೊಬೊಟಿನ ಮಣಿಕಟ್ಟು ಅಷ್ಟು ಬೇಗ ತಿರುಗದಿದ್ದರೆ ಬಲ ತಗ್ಗಿಸಿ. ಆಗ ಪಟ್ಟಿಯೂ ಕಿರಿದಾಗುವುದರಿಂದ ಮತ್ತೆ ಅಳೆಯಬೇಕು. ಈ ಪರೀಕ್ಷೆಗೆ ಹೊಚ್ಚಹೊಸ ಬೆಲ್ಟ್ ಬೇಡ. ಅದು ಮೊದಮೊದಲು ಜಾಸ್ತಿ ಕಚ್ಚುತ್ತದೆ, ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಪಾತ್‌ನಲ್ಲಿ (ರೊಬೊಟ್ ಸಾಗುವ ದಾರಿಯಲ್ಲಿ) ಪಾಯಿಂಟುಗಳು ಎಷ್ಟು ಹತ್ತಿರ ಇರಬೇಕು?

ಉತ್ತರ: ವಕ್ರತೆಯ ತ್ರಿಜ್ಯ, ಒಪ್ಪಬಹುದಾದ ದೋಷ (ಪಾಯಿಂಟುಗಳ ನಡುವಿನ ನೇರ ಗೆರೆ ವಕ್ರದಿಂದ ದೂರವಾಗುವಷ್ಟು), ಇವೆರಡರ ಗುಣಲಬ್ಧವನ್ನು 8ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ದೋಷ 0.01 ಮಿ.ಮೀ. ಆದರೆ 200 ಮಿ.ಮೀ. ತ್ರಿಜ್ಯಕ್ಕೆ 4 ಮಿ.ಮೀ. ದೂರ, 20ಕ್ಕೆ ಸುಮಾರು 1.26. ಇದಕ್ಕಿಂತ ದಟ್ಟವಾಗಿ ತುಂಬಿದರೆ ಕಂಟ್ರೋಲರ್ ತಡವರಿಸಿ ಫೀಡ್ ಇಳಿಸಬಹುದು, ನಿಧಾನವಾದಲ್ಲೇ ಗುಂಡಿ. ಒಂದು ಪಾಯಿಂಟಿನಿಂದ ಮುಂದಿನದಕ್ಕೆ ಮೇಲ್ಮೈಗೆ ಲಂಬವಾದ ದಿಕ್ಕು ಥಟ್ಟನೆ ಹೊರಳಿದರೂ ಅಲ್ಲೊಂದು ಗುರುತು ಬೀಳುತ್ತದೆ, ಆದ್ದರಿಂದ ಕೋನಗಳನ್ನೂ ನಯಗೊಳಿಸಿ.

ಪ್ರಶ್ನೆ: ಅಂಚು ದುಂಡಾಗಿ ಸವೆಯುತ್ತಿದೆ.

ಉತ್ತರ: ವೀಲಿನ ಅರ್ಧ ಭಾಗ ಗಾಳಿಯಲ್ಲಿದ್ದಾಗ ಪೂರ್ತಿ ಬಲ ಉಳಿದರ್ಧದ ಮೇಲೆ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು, ಫೋರ್ಸ್ ಕಂಟ್ರೋಲ್ (ಬಲವನ್ನು ಒಂದೇ ಮಟ್ಟದಲ್ಲಿಡುವ ವ್ಯವಸ್ಥೆ) ಕಡಿಮೆಯಾದ ಬಲವನ್ನು ತುಂಬಿಕೊಳ್ಳಲು ಬ್ಲೇಡನ್ನು ಇನ್ನೂ ಒಳಕ್ಕೆ ತಳ್ಳುತ್ತದೆ, ಬೆಲ್ಟ್ ಅಂಚನ್ನು ಸುತ್ತಿ ಇಳಿಯುತ್ತದೆ. ಅಂಚಿಗೆ ಕೆಲವು ಮಿ.ಮೀ. ಮೊದಲೇ ಪೊಸಿಷನ್ ಕಂಟ್ರೋಲಿಗೆ (ಬಲ ನೋಡದೆ ನಿಗದಿತ ದಾರಿಯಲ್ಲೇ ಸಾಗುವ ಕ್ರಮಕ್ಕೆ) ಬದಲಿಸಿ ಅದೇ ವೇಗದಲ್ಲಿ ಆಚೆ ದಾಟಿಸಿ. ಶುರುವಿನಲ್ಲೂ ಅಷ್ಟೇ: ಫೀಡ್ ಪೂರ್ತಿ ಬಂದ ಮೇಲೆ ಓರೆಯಾಗಿ ತಾಗಿಸಬೇಕು.

ಪ್ರಶ್ನೆ: 40 ಮಿ.ಮೀ. ತ್ರಿಜ್ಯದ ತಗ್ಗಿಗೆ 100 ಮಿ.ಮೀ. ವ್ಯಾಸದ ವೀಲ್ ನಡೆಯುತ್ತದೆಯೇ?

ಉತ್ತರ: ವೀಲ್ ಉರುಳುವ ದಿಕ್ಕಿನಲ್ಲೇ ಆ ತಗ್ಗು ಇದ್ದರೆ ಇಲ್ಲ. ವೀಲಿನ ತ್ರಿಜ್ಯ 50. ಅದು ಎರಡು ಬದಿ ಕೆರೆದು ನಡು ಬಿಡುತ್ತದೆ. 60 ಮಿ.ಮೀ. ವ್ಯಾಸದ್ದು ಹಾಕಿ.